ಸೋದರತ್ತೆಯನ್ನು ಬಿಟ್ಟು ಬರೆದ ವಂಶಾವಳಿ

ನಂಜನಗೂಡಿನ ಒಂದು ಹೈಸ್ಕೂಲಿಗೆ ನಾನು ಸಮಾಜ ಪಾಠದ ಟೀಚರಾಗಿ ಸೇರಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮೂರು ತಲಕಾಡಿಗೆ ಹತ್ತಿರ. ನರಸೀಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ದಿನಾ ಬಂದು ಹೋಗುವುದು ಆಗದ ಮಾತು ಎಂದು ಶಾಲೆಯ ಹಿಂದಿನ ಬೀದಿಯಲ್ಲೇ ಒಂದು ಕೋಣೆ ಹಿಡಿದೆ. ಆ ಊರಿನಲ್ಲಿ ನನಗೆ ಗೊತ್ತಿದ್ದವರೆಂದರೆ ಒಬ್ಬರೇ. ಅಪ್ಪನ ಅಕ್ಕ, ನನ್ನ ಸೋದರತ್ತೆ.

ಅತ್ತೆ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ದಿನಗೂಲಿಯ ಮೇಲೆ ಕೆಲಸಕ್ಕಿದ್ದರು. ಅಪ್ಪನನ್ನು ಹೆತ್ತು ಅವರ ತಾಯಿ ತೀರಿಕೊಂಡಾಗ ಅತ್ತೆಗೆ ಎಂಟೋ ಒಂಬತ್ತೋ ವರ್ಷ. ಸೊಂಟದ ಮೇಲೆ ಹೊತ್ತು, ಕೇರಿಯಲ್ಲಿ ಯಾರು ಹಸಿ ಬಾಣಂತಿ ಇದ್ದಾರೋ ಅವರ ಮನೆಗೆಲ್ಲ ಹೋಗಿ ಹಾಲು ಕುಡಿಸಿ ತಮ್ಮನನ್ನು ಸಾಕಿದವರು ಅವರು. ಸೋಸಲೆಯ ಕಡೆ ಮದುವೆ ಮಾಡಿ ಕೊಟ್ಟರು. ಗಂಡ ಕೊಡಗಿನ ತೋಟದ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅತ್ತೆ ತವರಿಗೆ ಬಂದರು. ನಮ್ಮವ್ವನಿಗೂ ಅವರಿಗೂ ಹೊಂದಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ಒಂದು ಸೀರೆ ಗಂಟು ಹಿಡಿದು ಬಸ್ಸು ಹತ್ತಿದವರು ಮತ್ತೆ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಅಪ್ಪ ಅವತ್ತು ಬಸ್ ಸ್ಟಾಪಿನವರೆಗೂ ಹೋಗಿ ವಾಪಸ್ ಬಂದರು.

ನಾನು ನಂಜನಗೂಡಿಗೆ ಬಂದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಮಕ್ಕಳ ಊಟ ಮುಗಿಸಿ ಅತ್ತೆ ನನ್ನ ಕೋಣೆಗೆ ಬರುತ್ತಿದ್ದರು. ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. ನನ್ನ ಪಾತ್ರೆ ತಿಕ್ಕಿಡುವುದು, ಸೀರೆಯ ಅಂಚು ಹೊಲಿಯುವುದು. ಬೇಡವೆಂದರೆ, "ಕುಂತ್ರೆ ಕಾಲು ಜೋಮಿಡ್ಕತದೆ ಕಣವ್ವ" ಎನ್ನುತ್ತಿದ್ದರು.

ಎಂಟನೇ ಕ್ಲಾಸಿಗೆ ಪ್ರಾಚೀನ ನಾಗರಿಕತೆಗಳ ಪಾಠವಿತ್ತು. ಈಜಿಪ್ಟು, ಮೆಸಪೊಟೇಮಿಯಾ, ಚೀನಾ. ಪುಸ್ತಕದಲ್ಲಿ ಒಂದೊಂದಕ್ಕೂ ಎರಡೆರಡು ಪುಟ. ನಾನು ಹೊಸಬಳು, ಹುರುಪಿತ್ತು. ಮೈಸೂರಿನಿಂದ ಹಳೆಯ ಪುಸ್ತಕ ತಂದು ಓದಿ, ಕಂದು ಬಣ್ಣದ ಕಾಗದಗಳನ್ನು ಅಂಟಿಸಿ, ಗೋಡೆಯುದ್ದ ಬರುವಂಥ ಒಂದು ಪಟ ಮಾಡಲು ಹೊರಟೆ. ಅದರಲ್ಲಿ ಈಜಿಪ್ಟಿನ ರಾಜವಂಶಗಳು ಸಾಲಾಗಿ ಬರಬೇಕು; ಪಾಠದ ದಿನ ಶಾಲೆಗೆ ಒಯ್ಯುವುದು, ಮಿಕ್ಕ ದಿನ ನನ್ನ ಕೋಣೆಯ ಗೋಡೆಗೇ. ಅತ್ತೆ ಗಂಜಿ ಕಾಯಿಸಿ ತಂದು ಕಾಗದದ ಅಂಚಿಗೆ ಹಚ್ಚುತ್ತ ಕೂತರು.

"ಇವ್ರೆಲ್ಲಾ ಒಂದೇ ಒಕ್ಲಾ?" ಎಂದು ಕೇಳಿದರು.

"ಅಲ್ಲ ಅತ್ತೆ. ಆಳೋ ಮನೆತನ ಬದಲಾದಾಗ ನಂಬರ್ ಬದಲಾಗುತ್ತೆ. ಒಂದನೇ ವಂಶ, ಎರಡನೇ ವಂಶ, ಹಂಗೇ ಮೂವತ್ತು."

"ಎಸ್ರಿಲ್ವಾ? ಬರೀ ನಂಬರಾ? ರೇಷನ್ ಅಂಗ್ಡಿ ಕ್ಯೂ ಇದ್ದಂಗೆ."

ನನಗೆ ನಗು ಬಂತು. ನಮ್ಮ ಕಡೆ ಗಂಗರು, ಹೊಯ್ಸಳರು ಎಂದು ಹೆಸರಿದೆ. ಹೆಸರು ಒಂದೇ ಆಗಿ ಮನೆ ಬೇರೆಯಾದರೆ ಊರು ಸೇರಿಸಿ ಹೇಳುತ್ತೇವೆ, ಬಾದಾಮಿಯ ಚಾಲುಕ್ಯರು, ಕಲ್ಯಾಣದ ಚಾಲುಕ್ಯರು ಅಂತ. ಚೀನಾದಲ್ಲಿ ಗದ್ದುಗೆ ಹಿಡಿದವನು ತನ್ನ ವಂಶಕ್ಕೆ ತಾನೇ ಒಂದು ಹೆಸರು ಆರಿಸಿಕೊಳ್ಳುತ್ತಿದ್ದ. ಈಜಿಪ್ಟಿನವರು ಮಾತ್ರ ಹಾಗೆ ಭಾಗ ಮಾಡಿಕೊಂಡಿರಲಿಲ್ಲ. ಅವರ ಗುಡಿಗಳಲ್ಲಿ ಹೆಸರುಗಳ ಉದ್ದ ಪಟ್ಟಿ ಇರುತ್ತಿತ್ತು ಅಷ್ಟೆ. ಎಷ್ಟೋ ಕಾಲದ ಮೇಲೆ ಒಬ್ಬ ಪೂಜಾರಿ ಕೂತು, ಇಲ್ಲಿಂದ ಇಲ್ಲಿಯವರೆಗೆ ಒಂದು ಮನೆತನ ಎಂದು ಗೆರೆ ಎಳೆದು ನಂಬರ್ ಕೊಟ್ಟ. ಇದನ್ನೆಲ್ಲ ಅತ್ತೆಗೆ ಅವರ ಮಾತಿನಲ್ಲೇ ಹೇಳಿದೆ.

"ಪಟ್ಟೀಲಿ ಇಲ್ದೇ ಇದ್ದೋರು?" ಎಂದರು ಅತ್ತೆ.

ಪಟ್ಟಿಯಲ್ಲಿ ಇಲ್ಲದವರೂ ಇದ್ದರು. ಒಬ್ಬ ರಾಣಿ ಗಂಡಸಿನಂತೆ ಕಿರೀಟ ತೊಟ್ಟು ವರ್ಷಗಟ್ಟಲೆ ಆಳಿದಳು. ಅವಳು ಸತ್ತ ಮೇಲೆ ಅವಳ ಹೆಸರನ್ನು ಕಲ್ಲಿನ ಮೇಲಿಂದ ಕೆತ್ತಿ ತೆಗೆದರು. ಮುಂದೆ ಗುಡಿಯಲ್ಲಿ ಬರೆಸಿದ ಪಟ್ಟಿಯಲ್ಲಿ ಅವಳ ಹೆಸರೇ ಬರಲಿಲ್ಲ.

ಅತ್ತೆ ಗಂಜಿ ಹಚ್ಚುವುದನ್ನು ನಿಲ್ಲಿಸಿದರು. "ಕೆತ್ತಿ ತೆಗೆಯೋಕೆ ಉಳಿ ಬೇಕಾಯ್ತು ಅಂದ್ಮೇಲೆ, ಮೊದ್ಲು ಬರ್ದಿದ್ರಲ್ಲ ಬುಡು" ಎಂದರು.

ಅದೇ ವರ್ಷಗಳಲ್ಲಿ ಅಪ್ಪ ತಲಕಾಡಿನ ಮರಳಿನಲ್ಲಿ ಉತ್ಖನನದ ಕೂಲಿಗೆ ಹೋಗುತ್ತಿದ್ದರು. ಹೊಲದ ಕೆಲಸಕ್ಕಿಂತ ಅದು ಅಪ್ಪನಿಗೆ ಹಿಡಿಸಿತ್ತು. ಅಲ್ಲಿ ಗುದ್ದಲಿಯನ್ನು ಬೀಸುವ ಹಾಗಿಲ್ಲ. ದಾರ ಕಟ್ಟಿದ ಚೌಕದೊಳಗೆ ಕೂತು ಸಣ್ಣ ಕರಣೆಯಲ್ಲಿ ಕೆರೆಯಬೇಕು. ರಜೆಗೆ ನಾನು ಊರಿಗೆ ಹೋದರೆ ಅಪ್ಪ ಅದನ್ನೇ ಹೇಳುತ್ತಿದ್ದರು.

"ಮೇಲ್ಗಡೆ ಬರೀ ಮರ್ಳು. ಅದ್ರ ಕೆಳಿಕೆ ಒಯ್ಸಳ್ರದ್ದು. ನಡೂಕೆ ಚೋಳ್ರು ಬಂದೋಗವ್ರೆ. ಅದ್ಕೂ ಕೆಳಿಕೆ ಗಂಗ್ರದ್ದು. ಇಟ್ಗೆ ದಪ್ಪ ನೋಡ್ರೇ ಗೊತ್ತಾಯ್ತದೆ. ನಾನು ಏಳ್ದ ಮ್ಯಾಕೆ ಸಾಯೇಬ್ರು ಟೇಪಿಡುದ್ ನೋಡುದ್ರು. ಸರಿ ಐತೆ ಕಣಯ್ಯ ಅಂದ್ರು."

ಓದು ಬಾರದ ಅಪ್ಪ ರಾಜವಂಶಗಳನ್ನು ಬೆರಳಿನಲ್ಲಿ ಮುಟ್ಟಿ ಗುರುತಿಸುವುದು ನನಗೆ ಹೆಮ್ಮೆಯಾಗಿತ್ತು. ಕ್ಲಾಸಿನಲ್ಲೂ ಹೇಳಿದ್ದೆ, ಯಾರೋ ಒಬ್ಬ ಕೂಲಿಯವರ ವಿಷಯ ಎಂಬಂತೆ. ನಮ್ಮಪ್ಪ ಎಂದು ಹೇಳಲಿಲ್ಲ. ಆ ಪುಕ್ಕಲುತನ ನನ್ನಲ್ಲಿ ಆಗಲೇ ಇತ್ತು.

ನಮ್ಮಜ್ಜನಿಗೆ ಸರ್ಕಾರದಿಂದ ಮಂಜೂರಾಗಿದ್ದ ಒಂದು ತುಂಡು ಹೊಲವಿತ್ತು. ಅಜ್ಜ ತೀರಿ ಎಷ್ಟೋ ವರ್ಷವಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ನಿಂತಿತ್ತು. ಒಂದು ದಸರಾ ರಜೆಯಲ್ಲಿ ನಾನು ಊರಿಗೆ ಹೋದಾಗ ಅಪ್ಪ ಒಂದು ಖಾಲಿ ಫಾರಂ ತಂದು ಮುಂದಿಟ್ಟರು. ಖಾತೆ ಬದಲಾಗಬೇಕಾದರೆ ವಂಶಾವಳಿ ಬರೆದುಕೊಡಬೇಕೆಂದು ವಿಲೇಜ್ ಅಕೌಂಟೆಂಟ್ ಹೇಳಿದ್ದರಂತೆ. ಮೇಲೆ ಮೂಲಪುರುಷನ ಹೆಸರು, ಕೆಳಗೆ ಅವನ ಮಕ್ಕಳು, ಅವರ ಕೆಳಗೆ ಅವರ ಮಕ್ಕಳು.

ಅಜ್ಜನ ಹೆಸರು ಬರೆದೆ. ಕೆಳಗೆ ಎರಡು ಗೆರೆ ಎಳೆಯಲು ಹೋದಾಗ ಅಪ್ಪ, "ಒಂದೇ ಎಳಿ" ಎಂದರು.

"ಅತ್ತೆ?"

"ಅಕ್ಕನ ಎಸ್ರು ಬ್ಯಾಡ."

"ಅಪ್ಪ, ಅತ್ತೆಗೂ ಪಾಲಿದೆ ಕಾನೂನಿನಲ್ಲಿ."

"ಅವ್ಳು ಕೇಳಾಕಿಲ್ಲ."

"ಕೇಳದೇ ಇದ್ರೂ ಹೆಸರು ಬರೀಬೇಕಲ್ವಾ?"

"ಬರುದ್ರೆ ಅವ್ಳ ಸೈನು ಬೇಕು. ನಾಳಿಕೆ ಅವ್ಳ ಗಂಡನ ಕಡೇರು ಬಂದು ನಮ್ದೂ ಐತೆ ಅಂತ ಕುಂತ್ರೆ? ಇರೋದೇ ಒಂದ್ ತುಂಡು. ಎಣ್ಮಕ್ಳ ಎಸ್ರು ಯಾರೂ ಬರ್ಸಾಕಿಲ್ಲ ಕಣಮ್ಮ ಈ ಊರಲ್ಲಿ. ಅಕೌಂಟೆಂಟೇ ಅಂದ್ರು."

ಅವ್ವ ಒಲೆಯ ಮುಂದಿದ್ದರು. ಮುದ್ದೆ ತಿರುವುತ್ತಲೇ ಇದ್ದರು. ನಾನು ಇನ್ನೂ ಸ್ವಲ್ಪ ವಾದ ಮಾಡಿದ್ದೆನೆಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಮಾಡಿರಲಿಲ್ಲ. ಒಂದೇ ಗೆರೆ ಎಳೆದು ಅಪ್ಪನ ಹೆಸರು ಬರೆದೆ. ಕೆಳಗೆ ನನ್ನದೂ ತಮ್ಮನದೂ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಅಕ್ಷರ ಅಚ್ಚಿನ ಹಾಗಿತ್ತು. ಅಪ್ಪ ಹೆಬ್ಬೆಟ್ಟು ಒತ್ತಿದರು. ಅಕ್ಕಪಕ್ಕದ ಐದು ಜನ ಮಹಜರಿಗೆ ಸಹಿ ಮಾಡಿದರು. ಆ ಐವರಲ್ಲಿ ಮೂವರು ಚಿಕ್ಕಂದಿನಲ್ಲಿ ಅತ್ತೆಯ ಜೊತೆ ಕುಂಟೆಬಿಲ್ಲೆ ಆಡಿದ್ದವರು.

ಮುಂದಿನ ಭಾನುವಾರ ಅತ್ತೆ ಎಂದಿನಂತೆ ಬಂದರು. ಊರಿನಲ್ಲಿ ಎಲ್ಲ ಹೇಗಿದ್ದಾರೆಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಆ ವಾರ ಮೆಸಪೊಟೇಮಿಯಾದ ಪಾಠ. ಅಲ್ಲಿನವರ ಹಳೆಯ ಪಟ್ಟಿಯಲ್ಲಿ ಅರಸುತನ ಆಕಾಶದಿಂದ ಇಳಿದು ಒಂದು ಊರಿಗೆ ಬರುತ್ತದೆ, ಆ ಊರು ಸೋತರೆ ಇನ್ನೊಂದು ಊರಿಗೆ ಹೋಗುತ್ತದೆ. ಹೀಗೆ ವಂಶಗಳಿಗೆಲ್ಲ ಊರಿನದೇ ಹೆಸರು. ಆದರೆ ದೊಡ್ಡದೊಂದು ಊರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆ ಊರಿನ ದೊರೆಗಳ ಶಾಸನಗಳು ಮಣ್ಣಿನಿಂದ ಮೇಲೆದ್ದು ಬಂದಿವೆ, ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಯಾಕೆ ಬಿಟ್ರು ಮಿಸ್?" ಎಂದು ಕೇಳಿದಳು. ಬರೆದವರಿಗೆ ಬೇಡವಾಗಿತ್ತು ಎಂದು ಹೇಳಿ ನಾನು ಬೋರ್ಡ್ ಒರೆಸತೊಡಗಿದೆ. ಒರೆಸಲು ಅಲ್ಲೇನೂ ಇರಲಿಲ್ಲ.

ಐದಾರು ವರ್ಷ ಕಳೆಯಿತು. ಹೊಲದ ಖಾತೆ ಅಪ್ಪನ ಹೆಸರಿಗೆ ಬಂದಿತ್ತು. ನಂಜನಗೂಡಿನ ಹೊರಗೆ ಮನೆಯಿಲ್ಲದವರಿಗೆ ನಿವೇಶನ ಕೊಡುತ್ತಾರೆಂಬ ಸುದ್ದಿ ಬಂತು. ಅತ್ತೆ ಅಷ್ಟೂ ವರ್ಷ ವಿದ್ಯಾರ್ಥಿನಿಲಯದ ಉಗ್ರಾಣದ ಪಕ್ಕದ ಒಂದು ಮೂಲೆಯಲ್ಲಿ, ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಕಿಕೊಂಡು ಬದುಕಿದವರು. ಏನನ್ನೂ ಬೇಕೆನ್ನದ ಅವರು ಆ ನಿವೇಶನದ ಮಾತು ಬಂದಾಗ ಮಾತ್ರ ಬದಲಾದರು. ಬಾಗಿಲು ಯಾವ ದಿಕ್ಕಿಗಿರಬೇಕು, ಹಿತ್ತಲಲ್ಲಿ ಒಂದು ನುಗ್ಗೆ ಗಿಡ ಹಾಕಬೇಕು ಎಂದೆಲ್ಲ ಹೇಳುತ್ತಿದ್ದರು. ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಅದಕ್ಕೆ ಹುಟ್ಟಿದ ಊರಿನಿಂದ ಜಾತಿ ಪತ್ರ ಬೇಕಿತ್ತು; ಅದನ್ನು ಕೊಡುವವರು ತಂದೆಯ ಮನೆಯ ವಂಶಾವಳಿ ತೆಗೆದು ನೋಡುತ್ತಾರೆ. ಅದು ಬೇಕೆಂದು ಓದಿದಾಗಲೇ ನನಗೆ ಮುಂದಿನದು ಹೊಳೆಯಬೇಕಿತ್ತು. ಹೊಳೆಯಿತೋ, ಹೊಳೆದೂ ಆಚೆ ತಳ್ಳಿದೆನೋ, ಈಗ ಖಚಿತವಾಗಿ ಹೇಳಲಾರೆ. ಪರೀಕ್ಷೆಯ ಸಮಯ, ರಜೆ ಸಿಗುವುದಿಲ್ಲ, ನೀವೇ ಹೋಗಿ ಬನ್ನಿ ಅತ್ತೆ ಎಂದೆ. ಅವರು ಒಬ್ಬರೇ ನರಸೀಪುರದ ಬಸ್ಸು ಹತ್ತಿದರು.

ಆ ಭಾನುವಾರ ಬಂದಾಗ ಅವರು ಪಾತ್ರೆಗೆ ಕೈ ಹಾಕಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಕೂತರು.

"ನಮ್ಮಪ್ಪನಿಗೆ ಒಬ್ನೇ ಮಗ ಅಂತೆ" ಎಂದರು. "ಫೈಲ್ ತೆಗ್ದು ನೋಡಿ ಏಳುದ್ರು. ಇಂಥಾ ಮಗ್ಳು ಇಲ್ವಲ್ಲಮ್ಮ, ನೀನ್ಯಾರು ಅಂದ್ರು."

ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆ ಮುಚ್ಚಿಟ್ಟೆ.

"ನಾನಂದೆ, ಸಾ, ಅವುನ್ನ ಸಾಕ್ದೋಳೇ ನಾನು. ಅವ್ರು ಪಾಪ ಕಾಗ್ದ ತಿರುಗ್ಸಿ ತೋರ್ಸುದ್ರು. ನಂಗೆಲ್ಲಿ ಓದಾಕ್ ಬತ್ತದೆ. ಅಕ್ಸರ ನೋಡ್ದೆ. ನಿನ್ ಅಕ್ಸರ ನಂಗೊತ್ತಲ್ಲವ್ವ, ಈ ಗೋಡೆ ಮ್ಯಾಲೆ ವರ್ಸಾನುಗಟ್ಲೆ ನೋಡಿವ್ನಿ. ಬೋ ಚೆಂದಾಗೈತೆ."

ಕ್ಷಮಿಸಿ ಎಂದು ನಾನು ಹೇಳಿದೆ. ಅಪ್ಪ ಹೇಳಿದರು, ಅದಕ್ಕೆ ಬರೆದೆ ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತು. ಅತ್ತೆ ತಲೆಯಾಡಿಸಿದರು.

"ಅವ್ನು ಅಂಜ್ಕತನೆ. ಮೊದ್ಲಿಂದ್ಲೂ ಅಂಗೇಯ. ಆ ಕಾಗ್ದನ ತಿದ್ದಾಕಾಯ್ತದಾ?"

"ಆಗುತ್ತೆ ಅತ್ತೆ. ನಾನು ಮಾಡಿಸ್ತೀನಿ."

ಮುಂದಿನ ಶನಿವಾರ ಊರಿಗೆ ಹೋದೆ. ಅಪ್ಪ ಕೇಳಿಸಿಕೊಂಡು, ಜಗುಲಿಯಿಂದ ಎದ್ದು ಕೊಟ್ಟಿಗೆಗೆ ಹೋಗಿ, ಬಹಳ ಹೊತ್ತಾದ ಮೇಲೆ ವಾಪಸ್ ಬಂದರು. ಅತ್ತೆ ಕಚೇರಿಗೆ ಬಂದು ಹೋದದ್ದು ತಿಳಿದು ಅವರು ಆಗಲೇ ವಿಲೇಜ್ ಅಕೌಂಟೆಂಟ್ ಹತ್ತಿರ ವಿಚಾರಿಸಿದ್ದರು. "ಸುಳ್ಳು ಬರ್ಸಿದ್ರಿ ಅಂತ ಆಯ್ತದಂತೆ. ಮಹಜರಿಗೆ ಸೈನಾಕ್ದೋರ್ನೂ ಕರೀತಾರಂತೆ. ಬರ್ದೋರು ಯಾರು ಅಂತ್ಲೂ ಕೇಳ್ತಾರಂತೆ. ನಿನ್ ಕೆಲ್ಸಕ್ಕೆ ಏನಾರ ಆದ್ರೆ?"

ನಾನು ಆಗಬಹುದಾದದ್ದನ್ನು ಆಗಲಿ ಎನ್ನಬೇಕಿತ್ತು. ಕೆಲಸ ಖಾಯಂ ಆಗಿ ಆಗಿನ್ನೂ ವರ್ಷವಾಗಿರಲಿಲ್ಲ. ನಮ್ಮ ಕೇರಿಯಿಂದ ಹಾಗೆ ಖಾಯಂ ಟೀಚರಾದ ಮೊದಲ ಹೆಣ್ಣು ನಾನು. ಯಾರನ್ನಾದರೂ ಕೇಳಿ ನೋಡೋಣ, ಸ್ವಲ್ಪ ತಡೆಯೋಣ ಎಂದು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಅಷ್ಟೇ ಬೇಕಿತ್ತು. ನನಗೂ ಅಷ್ಟೇ ಬೇಕಿತ್ತು ಎಂಬುದು ವಾಪಸ್ ಬರುವಾಗ ಬಸ್ಸಿನಲ್ಲಿ ಗೊತ್ತಾಯಿತು.

ತಡೆದದ್ದು ಎರಡು ತಿಂಗಳು. ಅಷ್ಟರಲ್ಲಿ ನಿವೇಶನದ ಪಟ್ಟಿ ಹೊರಬಿತ್ತು. ಪುರಸಭೆಯ ಗೋಡೆಯ ಮೇಲೆ ಅಂಟಿಸಿದ್ದರು. ನಾನೇ ಹೋಗಿ ಮೇಲಿಂದ ಕೆಳಕ್ಕೆ ಎರಡು ಸಲ ಓದಿದೆ. ಅತ್ತೆಗೆ ಹೇಳಿದಾಗ, "ಓಗ್ಲಿ ಬುಡು, ನಂಗೊಬ್ಳಿಗೆ ಯಾಕ್ ಮನೆ" ಎಂದು ಎದ್ದು ನನ್ನ ಪಾತ್ರೆ ತಿಕ್ಕಲು ಹೋದರು. ಮತ್ತೆ ಆ ವಿಷಯ ಅವರ ಬಾಯಿಂದ ಬರಲಿಲ್ಲ. ಭಾನುವಾರಗಳೂ ತಪ್ಪಲಿಲ್ಲ. ಸಿಟ್ಟು ಮಾಡಿಕೊಂಡು ಬರುವುದನ್ನು ಬಿಟ್ಟಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೊಸ ಶತಮಾನ ಬಂದ ಮೇಲಿನ ಮಾತು. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ತಿಳಿದಿರಲಿಲ್ಲ, ಅವರಿಗೂ. ಕುದಿಯುವ ಸಾರು ಚೆಲ್ಲಿ ಪಾದದ ಮೇಲೆ ಆದ ಗಾಯ ಮಾಯಲಿಲ್ಲ. ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡೇ ಮಳೆಗಾಲವೆಲ್ಲ ಕೆಲಸ ಮಾಡಿದರು. ವಾಸನೆ ಬರತೊಡಗಿದ ಮೇಲೆ ಅಡುಗೆಮನೆಯಿಂದ ಬಿಡಿಸಿದರು. ನಾನು ನನ್ನ ಕೋಣೆಗೆ ಕರೆತಂದು, ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ. ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು. ತೆಗೆದರು. ಆದರೂ ಜ್ವರ ಇಳಿಯಲಿಲ್ಲ.

ಅಪ್ಪನಿಗೆ ಹೇಳಿ ಕಳಿಸಿದೆ. ಬೆಳಗಿನ ಬಸ್ಸಿಗೆ ಬಂದರು. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಾಸಿಗೆಯ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತರು. ಬೆಡ್‌ಶೀಟು ಒಂದು ಕಡೆ ಚಪ್ಪಟೆಯಾಗಿದ್ದ ಜಾಗವನ್ನು ನೋಡಿ ಮುಖ ಆಚೆ ತಿರುಗಿಸಿದರು. ಅತ್ತೆ ಕಣ್ಣು ಬಿಟ್ಟರು.

"ಉಂಡ್ಯಾ?" ಎಂದರು.

"ಊಂ ಕಣಕ್ಕ."

"ಸುಳ್ಳೇಳ್ಬ್ಯಾಡ. ಒಟ್ಟೆ ಒಳೀಕ್ ಓಗದೆ." ನನ್ನ ಕಡೆ ತಿರುಗಿ, "ಇವ್ನಿಗೆ ಎರ್ಡು ಇಡ್ಲಿ ಕೊಡ್ಸವ್ವ" ಎಂದರು.

ಅಪ್ಪ ಅವರ ಕೈ ಹಿಡಿದುಕೊಂಡು, "ಅಕ್ಕ, ಆ ಕಾಗ್ದದ್ದು..." ಎಂದು ಶುರು ಮಾಡಿದರು. ಅತ್ತೆ ಕೇಳಿಸದವರಂತೆ, "ಒಲ ಎಂಗೈತೆ? ಬಾವಿ ತಾವು ಉಣ್ಸೆ ಮರ ಇನ್ನೂ ಕಾಯ್ ಬುಡ್ತದಾ?" ಎಂದು ಕೇಳಿದರು. ಬಿಡುತ್ತದೆ ಎಂದು ಅಪ್ಪ ಹೇಳಿದರು. ಆಮೇಲೆ ಇಬ್ಬರೂ ಆ ಮರದ ವಿಷಯ, ಅದರಿಂದ ಬಿದ್ದು ಅಪ್ಪನ ಕೈ ಮುರಿದದ್ದು, ಕೈಗೆ ಬಿದಿರು ದಬ್ಬೆ ಕಟ್ಟಿಸಲು ಅತ್ತೆ ಹೊಳೆ ದಾಟಿಸಿಕೊಂಡು ಹೋದದ್ದು ಮಾತಾಡಿದರು. ನಾನು ಹೊರಗೆ ಬಂದು ವರಾಂಡದಲ್ಲಿ ನಿಂತೆ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ತೀರಿಕೊಂಡರು. ಆಸ್ಪತ್ರೆಯ ಗುಮಾಸ್ತರು ಸತ್ತವರು ನಿಮಗೆ ಏನಾಗಬೇಕು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನಮ್ಮಕ್ಕ ಸಾ. ಒಡುಟ್ಟಿದ್ ಅಕ್ಕ" ಎಂದು ಎರಡು ಸಲ ಹೇಳಿದರು. ಊರಿಗೆ ತಂದು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಅಲ್ಲಿ ಬೇಡ ಎಂದು ಯಾರೂ ಹೇಳಲಿಲ್ಲ.

ಹದಿನೈದು ದಿನ ಕಳೆದು ಅಪ್ಪ ತಾವಾಗಿಯೇ ನರಸೀಪುರಕ್ಕೆ ಹೋಗೋಣ ನಡಿ ಎಂದರು. ತಾಲ್ಲೂಕು ಕಚೇರಿಯಲ್ಲಿ ನನಗೆ ಗೊತ್ತಿಲ್ಲದ ಹೊಸ ಅಧಿಕಾರಿಯೊಬ್ಬರಿದ್ದರು. ಒಳ್ಳೆಯವರು, ಕೂರಿಸಿ ಮಾತಾಡಿದರು. ಅಂದು ಬರೆದವಳು ನಾನೇ ಎಂದು ಅವರಿಗೆ ಹೇಳಿದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಕಡತ ನೋಡಿ, "ಅವರಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆ. ಗಂಡ? ತೀರಿಹೋಗಿ ಬಹಳ ವರ್ಷವಾಯಿತೆಂದು ಆಮೇಲೆ ತಿಳಿಯಿತು ಎಂದೆ.

"ಹಾಗಾದ್ರೆ ತೊಂದರೆ ಏನಿಲ್ಲ. ಈಗ ಸೇರಿಸಬಹುದು" ಎಂದರು. "ಮೃತ, ಸಂತಾನವಿಲ್ಲ ಅಂತ ಬರೆದುಬಿಡಿ. ಅವರ ಪಾಲಿನ ಹಕ್ಕು ಬೇರೆ ಯಾರಿಗೂ ಹೋಗೋದಿಲ್ಲ."

ಈಗಿನ ಫಾರಂ ಬೇರೆಯಾಗಿತ್ತು. ಅಜ್ಜನ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ. ಎಡಗಡೆ ಅತ್ತೆಯ ಹೆಸರು ಬರೆದು, ಅಧಿಕಾರಿ ಹೇಳಿದಂತೆಯೇ ಆವರಣದಲ್ಲಿ ಆ ಎರಡು ಮಾತು ಬರೆದೆ. ಬಲಗಡೆ ಅಪ್ಪನ ಹೆಸರು. ಅಜ್ಜನ ಹೆಸರಿನ ಪಕ್ಕದಲ್ಲಿ ಹೆಂಡತಿಯ ಹೆಸರಿಗೂ ಒಂದು ಸಾಲಿತ್ತು. ಹಿಂದಿನದರಲ್ಲಿ ಅದು ಇರಲಿಲ್ಲ.

"ಅಜ್ಜಿ ಹೆಸರೇನಪ್ಪ?" ಎಂದು ಕೇಳಿದೆ.

ಅಪ್ಪ ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡವರು. ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ಸತ್ತವಳು ಎಂದೇ ಹೇಳುತ್ತಿದ್ದರಂತೆ. ಹೆಸರು ಹಿಡಿದು ಕರೆಯುವ ಸಂದರ್ಭ ಯಾರಿಗೂ ಬಂದಿರಲಿಲ್ಲ.

"ಅಕ್ಕನ್ನ ಕೇಳ್ಬೇಕಾಗಿತ್ತು" ಎಂದರು ಅಪ್ಪ.

ಆ ಸಾಲನ್ನು ಹಾಗೇ ಬಿಡಿ, ಪರವಾಗಿಲ್ಲ ಎಂದು ಅಧಿಕಾರಿ ಮುದ್ರೆ ಒತ್ತಿ ಕೊಟ್ಟರು.

ಊರಿಗೆ ಬಂದ ಮೇಲೆ ಅಪ್ಪ ಒಂದು ವಾರ ಕೇರಿಯ ಮುದುಕಿಯರ ಮನೆಮನೆಗೆ ಹೋಗಿ ಕೇಳಿದರು. ಅಜ್ಜಿಯ ತವರೆಂದು ಹೇಳುತ್ತಿದ್ದ ಊರಿಗೂ ಹೋಗಿ ಬಂದರು. ಒಬ್ಬರು ಒಂದು ಹೆಸರು ಹೇಳಿದರು, ಇನ್ನೊಬ್ಬರು ಇನ್ನೊಂದು ಹೇಳಿದರು, ಮೂರನೆಯವರು ಅದು ನಿಮ್ಮ ಚಿಕ್ಕಜ್ಜಿಯ ಹೆಸರಲ್ಲವಾ ಎಂದರು. ಯಾವುದನ್ನು ಬರೆಯಲಿ ಎಂದು ನಾನು ಕೇಳಿದೆ. ಅಪ್ಪ ಮೂರನ್ನೂ ಒಂದೊಂದಾಗಿ ಬಾಯಲ್ಲಿ ಹೇಳಿ ನೋಡಿದರು. ಆಮೇಲೆ, "ಗೊತ್ತಿಲ್ದೆ ಬರೀಬ್ಯಾಡ" ಎಂದು ಹೇಳಿ, ಟವಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು.